ಹದಿನೈದು ನಿಮಿಷದ ಪರದೇಶ

ಮಲಪ್ರಭೆಯ ದಂಡೆಯ ಮೇಲಿರುವ ನಮ್ಮ ಮನೋಳಿಯಲ್ಲಿ, ಅಮೆರಿಕೆಯಿಂದಲೋ ದುಬೈಯಿಂದಲೋ ಒಬ್ಬರು ಊರಿಗೆ ಬಂದರೆ ಅವರ ಮನೆಯ ಕಟ್ಟೆಯ ಮೇಲೆ ಸಂಜೆಯವರೆಗೂ ಜನ ಕೂಡುತ್ತದೆ; ಅಲ್ಲಿಯ ಚಳಿ ಎಂಥದು, ಪಗಾರ ಎಷ್ಟು, ಉಣ್ಣುವುದು ಅಕ್ಕಿಯೋ ಗೋದಿಯೋ, ದವಾಖಾನೆಯ ಖರ್ಚೇನು ಎಂದು ಒಂದೊಂದನ್ನೂ ಕೆದಕಿ ಕೇಳಿ, ಕೇಳಿದ್ದನ್ನು ಮರುದಿನ ಸವದತ್ತಿಯ ಸಂತೆಯವರೆಗೆ ಮುಟ್ಟಿಸುತ್ತಾರೆ. ಕಾಶೀಯಾತ್ರೆಯ ಬಸ್ಸಿನಲ್ಲಿ ಕುಳಿತು ನೇಪಾಳವನ್ನು ಹೊಕ್ಕು ಬಂದವರನ್ನು ಮಾತ್ರ ಯಾರೂ ಏನನ್ನೂ ಕೇಳುವುದಿಲ್ಲ. “ನೇಪಾಳ ಏನ ಪರದೇಶ ಏನ್ರಿ? ಪಾಸ್‌ಪೋರ್ಟ್ ಇಲ್ಲ, ವಿಮಾನ ಇಲ್ಲ, ಕಾಶಿಗೆ ಹೋದಾವ್ರು ಹಂಗ ನಾಕ ಹೆಜ್ಜಿ ಮುಂದ ಹೋಗಿ ಬರೂದು” ಎಂದು ಒಂದೇ ಮಾತಿನಲ್ಲಿ ಆ ದೇಶವನ್ನು ಮುಗಿಸಿಬಿಡುತ್ತಾರೆ. ಸ್ವತಃ ಹೋಗಿ ಬಂದವರೇ ಹೀಗೆ ಹೇಳುವುದನ್ನು ಕೇಳಿದಾಗಲಂತೂ ನನಗೆ ಅಸಮಾಧಾನವಾಗುತ್ತದೆ. ಪಾಸ್‌ಪೋರ್ಟು ಬೇಡವೆಂಬುದು ನಿಜ. 1950ರಲ್ಲಿ ಎರಡೂ ಸರಕಾರಗಳು ಮಾಡಿಕೊಂಡ ಶಾಂತಿ ಮತ್ತು ಮೈತ್ರಿಯ ಒಪ್ಪಂದದಿಂದ ಈ ಸೌಕರ್ಯ ಗಟ್ಟಿಯಾಯಿತು. ಆದರೆ ನೆರೆಮನೆಯವನು ಕದಕ್ಕೆ ಅಗುಳಿ ಹಾಕದೆ ಇರುವುದು ಅವನ ಔದಾರ್ಯವೇ ಹೊರತು, ಆ ಮನೆ ನಮ್ಮದೆಂಬುದಕ್ಕೆ ಪ್ರಮಾಣವಲ್ಲ.

ನಮ್ಮ ಕಡೆಯ ಯಾತ್ರೆಯ ಬಸ್ಸು ಹೊರಡುವುದು ಹಿಂಗಾರಿ ಜೋಳದ ಬಿತ್ತಿಗೆ ಮುಗಿದು, ದೀಪಾವಳಿ ಕಳೆದ ಮೇಲೆ. ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳಿಂದ ಬಂದವರೂ ಸೇರಿ ತುಂಬಿದ ಆ ಬಸ್ಸಿನಲ್ಲಿ ಅಡಿಗೆಯವರು ಜೊತೆಗೇ ಇರುತ್ತಾರೆ. ಮೇಲೆ ಹಂಡೆ, ಪಾತೇಲಿ, ಜೋಳದ ಹಿಟ್ಟಿನ ಚೀಲ. ಒಳಗೆ, ಒಬ್ಬೊಬ್ಬರ ಕಾಲಡಿಯಲ್ಲಿಯೂ, ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ, ರಂಜಕದ ಡಬ್ಬಿ. ಅಂಥದೊಂದು ಬಸ್ಸಿನಲ್ಲಿ ನಾವು ನೇಪಾಳದ ಗಡಿಯಾದ ಸುನೌಲಿಯ ಬಾಗಿಲನ್ನು ಮುಟ್ಟಿದಾಗ ಲಾರಿಗಳ ಸಾಲು ಕಣ್ಣಿಗೆ ಕಾಣುವಷ್ಟು ದೂರ ನಿಂತಿತ್ತು. ಭನ್ಸಾರ್ ಎಂದು ಅವರು ಕರೆಯುವ ಸುಂಕದ ಕಟ್ಟೆಯಲ್ಲಿ ನಮ್ಮ ಬಸ್ಸು ಎಷ್ಟು ದಿನ ಒಳಗಿರುವುದೋ ಅಷ್ಟು ದಿನಕ್ಕೆ ಹಣ ಕಟ್ಟಿ ಚೀಟಿ ಪಡೆಯಬೇಕು. ಅದು ಮುಗಿಯುವ ಹೊತ್ತಿಗೆ ತಪಾಸಣೆಯ ತರುಣನೊಬ್ಬ ಒಳಗೆ ಬಂದು, ಬಿಳಿಯ ಧೋತರದಲ್ಲಿ ಬಿಗಿದಿದ್ದ ಗಂಟೊಂದರ ಮೇಲೆ ಕೈಯಿಟ್ಟು ಒತ್ತಿದನು. ಒಳಗಿನ ರೊಟ್ಟಿಗಳು ಪಟಪಟನೆ ಮುರಿದ ಸಪ್ಪಳ ಇಡೀ ಬಸ್ಸಿಗೆ ಕೇಳಿಸಿತು. ಗಂಟಿನ ಒಡತಿ, ತನ್ನ ಸೊಸೆ ರಾತ್ರಿಯೆಲ್ಲ ನಿದ್ದೆಗೆಟ್ಟು ಬಡಿದಿದ್ದ ರೊಟ್ಟಿ ಚೂರಾದ ಸಂಕಟದಲ್ಲಿ ಎದ್ದು ನಿಂತವಳು, ಹುಡುಗನ ಮುಖವನ್ನು ಒಮ್ಮೆ ನೋಡಿದ್ದೇ ತಡ, ತಾನೇ ಗಂಟನ್ನು ಬಿಚ್ಚಿ, ಒಂದು ಚೂರಿನ ಮೇಲೆ ರಂಜಕವನ್ನು ಸವರಿ, “ತಿನ್ನಪಾ ತಿನ್ನ, ಬರೇ ಮುರದ್ರ ಏನ ಬಂತು?” ಎಂದು ಅವನ ಕೈಗಿಟ್ಟಳು. ಅವನು ತಿಂದನು. ಕಣ್ಣಲ್ಲಿ ನೀರು ಬಂತು. ನಗುತ್ತ ನಗುತ್ತ ನೀರು ಬೇಡಿದನು. ಉಳಿದ ಗಂಟುಗಳನ್ನು ಮುಟ್ಟದೆ ಇಳಿದು ಹೋದನು. ಅವನು ಮಾಡಿದ್ದು ಅವನ ಕರ್ತವ್ಯ. ಪರದೇಶದ ಗಡಿಯೆಂದರೆ ನಮ್ಮ ಗಂಟನ್ನು ಒತ್ತಿ ನೋಡುವ ಅಧಿಕಾರ ಇನ್ನೊಬ್ಬನಿಗಿರುವ ಸ್ಥಳ. ಇದನ್ನು ನಮ್ಮವರು ಆಗಲೇ ಮನಗಾಣಬೇಕಾಗಿತ್ತು.

ಮನಗಾಣಲಿಲ್ಲ. ಗಡಿ ದಾಟಿದ ಮೊದಲ ಚಹದಂಗಡಿಯಲ್ಲಿಯೇ ಐನೂರರ ನೋಟುಗಳು ಹೊರಬಿದ್ದು, ಅಷ್ಟೇ ವೇಗದಲ್ಲಿ ಹಿಂದಿರುಗಿದವು. ನೂರು ರೂಪಾಯಿಗಿಂತ ದೊಡ್ಡ ಭಾರತೀಯ ನೋಟನ್ನು ನೇಪಾಳ ಸರಕಾರವು 2018ರ ಕೊನೆಯಲ್ಲಿ ನಿಷೇಧಿಸಿತ್ತು. ನಾವು ಹೋದ 2023ರಲ್ಲಿಯೂ ಆ ನಿಷೇಧ ಜಾರಿಯಲ್ಲಿತ್ತು. ನಮ್ಮ ನೂರಕ್ಕೆ ಅವರ ನೂರಾ ಅರವತ್ತು ಎಂಬ ದರವಾದರೋ 1993ರಿಂದ ಕದಲದೆ ನಿಂತಿದೆಯಾದುದರಿಂದ ಲೆಕ್ಕ ಸುಲಭ. ಕಷ್ಟವಿದ್ದದ್ದು ನೂರರ ನೋಟಿನ ಅಭಾವದಲ್ಲಿ. ಬಸ್ಸಿನೊಳಗೆ ನೂರರ ನೋಟಿದ್ದವರು ಸಾಹುಕಾರರಾದರು, ಐನೂರರ ಕಟ್ಟಿದ್ದವರು ಸಾಲಗಾರರಾದರು. ಭೂಮಿ-ಕಾಣಿ ಉಳ್ಳ ಗೌಡರೊಬ್ಬರು, ಲುಂಬಿನಿಯಲ್ಲಿ ಎಳನೀರಿಗಾಗಿ ತಮ್ಮ ಹೊಲದಲ್ಲಿ ಕಳೆ ತೆಗೆಯಲು ಬರುತ್ತಿದ್ದ ಹೆಣ್ಣುಮಗಳ ಮುಂದೆ ಕೈಯೊಡ್ಡಿದರು. ಅವಳೋ ಸೆರಗಿನ ಗಂಟನ್ನು ಬಿಚ್ಚಿ, “ತಗೋರಿ ಗೌಡ್ರ, ಊರಿಗೆ ಹೋದ ಮ್ಯಾಲ ಕೊಡಾಕಂತ್ರಿ” ಎಂದು ರಾಣಿಯಂತೆ ಕೊಟ್ಟಳು. ಆ ದೃಶ್ಯವನ್ನು ನಾನು ಸಂತೋಷದಿಂದ ನೋಡಿದೆನು.

ಎಲ್ಲಕ್ಕಿಂತ ಹೆಚ್ಚಿನ ಗೊಂದಲವನ್ನು ಮಾಡಿದ್ದು ಕಾಲ. ನೇಪಾಳದ ಗಡಿಯಾರವು ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ. ನಮ್ಮ ಕಾಲಮಾನ ಮಿರ್ಜಾಪುರದ ಹತ್ತಿರ ಹಾಯುವ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ್ದು. ಅವರು 1986ರಲ್ಲಿ ತಮ್ಮದೇ ಆದ ಗೌರೀಶಂಕರ ಶಿಖರದ ರೇಖಾಂಶವನ್ನು ಆಧಾರವಾಗಿ ಹಿಡಿದು ಈ ಕಾಲು ತಾಸನ್ನು ಪ್ರತ್ಯೇಕಿಸಿಕೊಂಡರು. ಒಂದು ಚಿಕ್ಕ ದೇಶ, ಎರಡು ದೊಡ್ಡ ದೇಶಗಳ ನಡುವೆ ನಿಂತು, ತನ್ನ ಹೊತ್ತನ್ನು ತನ್ನ ಬೆಟ್ಟದಿಂದಲೇ ಅಳೆಯುವೆನೆಂದು ನಿರ್ಧರಿಸಿದ್ದರಲ್ಲಿ ನನಗೆ ಮಹತ್ತಾದ ಘನತೆ ಕಾಣುತ್ತದೆ. ನಮ್ಮ ಸಂಗಡಿಗರಿಗೆ ಕಂಡದ್ದು ಉಪದ್ರವ ಮಾತ್ರ. “ಕಾಲ ತಾಸಿನ ಸಲುವಾಗಿ ಯಾರ ಗಡಿಯಾರ ತಿರವ್ಯಾರ?” ಎಂದು ಎಲ್ಲರೂ ಮನೋಳಿಯ ಹೊತ್ತನ್ನೇ ಮಣಿಕಟ್ಟಿನಲ್ಲಿ ಕಟ್ಟಿಕೊಂಡು ನಡೆದರು. ನಿಜವಾಗಿ ನೋಡಿದರೆ ಅದು ಮನೋಳಿಯ ಹೊತ್ತೂ ಅಲ್ಲ. ನಮ್ಮೂರಲ್ಲಿ ಸೂರ್ಯನು ನೆತ್ತಿಗೆ ಬರುವುದು ಭಾರತದ ಗಡಿಯಾರ ಹನ್ನೆರಡು ಹೊಡೆದು ಸುಮಾರು ಅರ್ಧ ತಾಸಾದ ಮೇಲೆ. ಇಷ್ಟು ಅಂತರವನ್ನು ಹುಟ್ಟಿದಂದಿನಿಂದ ಸಹಿಸಿದ ಜನ, ಇನ್ನೊಬ್ಬರ ಕಾಲು ತಾಸಿಗೆ ಮಣಿಯಲಿಲ್ಲ.

ಅದರ ಫಲವನ್ನು ಕುರಿಂಟಾರಿನಲ್ಲಿ ಉಂಡೆವು. ಪೊಖರಾದಿಂದ ಕಠ್ಮಂಡುವಿಗೆ ಹೋಗುವ ಹೆದ್ದಾರಿಯಲ್ಲಿ, ತ್ರಿಶೂಲಿ ನದಿಯ ದಡದಿಂದ ಮನಕಾಮನಾ ದೇವಿಯ ಬೆಟ್ಟಕ್ಕೆ 1998ರಲ್ಲಿ ತೂಗುಗಾಡಿಯನ್ನು ಹಾಕಿದ್ದಾರೆ. ಹಿಂದೆ ತಾಸುಗಟ್ಟಲೆ ಏರಬೇಕಾಗಿದ್ದ ಬೆಟ್ಟವನ್ನು ಅದು ಹತ್ತು ನಿಮಿಷದಲ್ಲಿ ಏರಿಸುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ನಿಂತರೆ ಮತ್ತೆ ಹೊರಡುವುದು ಒಂದೂವರೆಗೆ. ನಮ್ಮವರು, ಗಡಿಯಾರ ಹನ್ನೊಂದು ಐವತ್ತು ತೋರಿಸುತ್ತಿದೆಯೆಂಬ ಧೈರ್ಯದಲ್ಲಿ, ದಾರಿಯಲ್ಲಿ ಕಿತ್ತಳೆಹಣ್ಣನ್ನು ಕೊಳ್ಳುತ್ತ, ಸಿಪ್ಪೆ ಸುಲಿಯುತ್ತ ಮೆಟ್ಟಿಲನ್ನೇರಿದಾಗ ಬಾಗಿಲು ಹಾಕಿ ಐದು ನಿಮಿಷವಾಗಿತ್ತು. “ಇನ್ನ ಹತ್ತ ಮಿನಿಟ ಐತಲ್ರಿ!” ಎಂದು ನಮ್ಮ ಮುಂದಾಳು ತನ್ನ ಕೈಗಡಿಯಾರವನ್ನು ಕಾವಲುಗಾರನ ಮೂಗಿನ ಹತ್ತಿರ ಹಿಡಿದನು, ಅವನು ಮಾತನಾಡದೆ ಗೋಡೆಯ ಗಡಿಯಾರದ ಕಡೆ ಬೆರಳು ಮಾಡಿದನು. ಅಲ್ಲಿ ಕುಳಿತ ಒಂದೂವರೆ ತಾಸಿನಲ್ಲಿ ಹೆಂಗಸರು ಇನ್ನೊಂದನ್ನು ಕಂಡುಹಿಡಿದರು: ಮನುಷ್ಯರಿಗೆ ಹೋಗಿ ಬರುವ ಟಿಕೇಟು, ಆಡಿಗೆ ಹೋಗುವ ಟಿಕೇಟು ಮಾತ್ರ. ಕೊರಳಲ್ಲಿ ಲಿಂಗ ಧರಿಸಿದ ಇಬ್ಬರು ಮುದುಕಿಯರು ಇದನ್ನು ಕೇಳಿದ್ದೇ, ಬೆಟ್ಟಕ್ಕೆ ಬೆನ್ನು ಮಾಡಿ, ಕೆಳಗಿನಿಂದಲೇ ದೇವಿಗೆ ಕೈಮುಗಿದು ಬಸ್ಸಿಗೆ ಮರಳಿದರು.

ಪಶುಪತಿನಾಥನ ಸನ್ನಿಧಿಗೆ ನಾವು ಮುಟ್ಟಿದ್ದು ಮರುದಿನ ಮುಂಜಾನೆ. ಅಲ್ಲಿಯೂ ತೊಡಕು ತಪ್ಪಲಿಲ್ಲ; ಚರ್ಮದ ವಸ್ತು ಒಳಗೆ ಸಲ್ಲದು. ಗಂಡಸರೆಲ್ಲ ಬೆಲ್ಟು ಬಿಚ್ಚಿ, ಒಂದು ಕೈಯಲ್ಲಿ ಹೂವು, ಇನ್ನೊಂದರಲ್ಲಿ ಜಾರುವ ಚಲ್ಲಣವನ್ನು ಹಿಡಿದು ಸಾಲಿನಲ್ಲಿ ನಿಂತರೆ, ಧೋತರದವರು ಮಾತ್ರ ನಿರಾತಂಕವಾಗಿ ಮುಂದೆ ನಡೆದರು. ಗರ್ಭಗುಡಿಗೆ ನಾಲ್ಕು ದಿಕ್ಕಿಗೂ ಬಾಗಿಲು. ಲಿಂಗಕ್ಕೆ ನಾಲ್ಕು ಮುಖ — ತತ್ಪುರುಷ, ಅಘೋರ, ಸದ್ಯೋಜಾತ, ವಾಮದೇವ. ಮೇಲೆ, ಕಣ್ಣಿಗೆ ಕಾಣದ ಐದನೆಯದು ಈಶಾನ. ಪಂಚಲಿಂಗೇಶ್ವರನ ಊರಿನಿಂದ ಹೋದ ನಮಗೆ ಈ ಐದರ ಲೆಕ್ಕವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ನೂಕುನುಗ್ಗಲಿನಲ್ಲಿ ನಮ್ಮ ರೊಟ್ಟಿಯ ಗಂಟಿನ ಅಜ್ಜಿ ಬಾಗಿಲಿನ ಹತ್ತಿರ ಬಂದಾಗ, ಯಾರೋ ಹಿಂದಿನಿಂದ ತಳ್ಳಿದ್ದರಿಂದ, “ಯವ್ವಾ, ಕಾಲ ತುಳದಿರಲ್ಲೋ!” ಎಂದು ಕೂಗಿದಳು. ಒಳಗೆ ಕಾವಿಯುಟ್ಟು, ರುದ್ರಾಕ್ಷಿ ಧರಿಸಿ, ಅಭಿಷೇಕದಲ್ಲಿ ತೊಡಗಿದ್ದ ಅರ್ಚಕರು ತಲೆಯೆತ್ತಿ ನೋಡಿ, “ಅಜ್ಜಿ, ಈ ಕಡೆ ಬನ್ನಿ. ಯಾವ ಊರು? ಬೆಳಗಾವಿ ಕಡೆಯವರಾ?” ಎಂದು ಶುದ್ಧವಾದ ಕನ್ನಡದಲ್ಲಿ ಕೇಳಿದರು.

ಮುದುಕಿ ದೇವರನ್ನು ಮರೆತಳು. “ಎಪ್ಪಾ, ನೀವು ನಮ್ಮವರೇನೋ! ಇಷ್ಟ ದೂರ ಯಾಕ ಬಂದಿರೆಪ್ಪಾ? ಹಡದಾವ್ರು ಅದಾರೇನ ಊರಾಗ? ಹಬ್ಬಕ್ಕ ಹೋಗ್ತೀರಿಲ್ಲೋ?” ಎಂದು ಒಂದರ ಮೇಲೊಂದು ಪ್ರಶ್ನೆ. ಹಿಂದೆ ನಿಂತಿದ್ದ ಜನಸಮೂಹ ಗೊಣಗುತ್ತಿತ್ತು, ಅವರು ಕೈಯಲ್ಲಿನ ಬಿಲ್ವವನ್ನು ಅವಳ ಬೊಗಸೆಗೆ ಹಾಕಿ, “ಅಮ್ಮ ಊರಲ್ಲಿದ್ದಾರೆ ಅಜ್ಜಿ. ನಮಗೆ ಬೇಕಾದಾಗ ಹೋಗುವುದಕ್ಕೆ ಆಗುವುದಿಲ್ಲ, ಇಲ್ಲಿ ಪೂಜೆ ನಿಲ್ಲಬಾರದಲ್ಲ” ಎಂದಷ್ಟೇ ಹೇಳಿ ಒಳಗೆ ತಿರುಗಿದರು. ಗಡಿ, ನೋಟು, ಗಡಿಯಾರಗಳ ವಿಷಯದಲ್ಲಿ ಎರಡು ದಿನಗಳಿಂದ ಗೊಣಗುತ್ತಿದ್ದ ನಮ್ಮ ಬಸ್ಸಿಗೆ, ಮನೆಯಿಂದ ಯಥಾರ್ಥವಾಗಿ ದೂರವಾಗಿರುವ ಮನುಷ್ಯನೊಬ್ಬನು ಆಗ ಕಾಣಿಸಿದ್ದನು.

ಪಶುಪತಿಯ ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರ ದಕ್ಷಿಣದಿಂದ ಹೋದ ಭಟ್ಟರಿಗೆ ಮಾತ್ರ ಇರುವುದು ಶತಮಾನಗಳ ಪದ್ಧತಿ. ಆದಿಶಂಕರರಿಂದ ಬಂದದ್ದೆಂದು ಕೆಲವರು, ಹದಿನೈದನೆಯ ಶತಮಾನದ ಯಕ್ಷಮಲ್ಲ ಅರಸನ ಕಾಲದ್ದೆಂದು ಕೆಲವರು ಹೇಳುತ್ತಾರೆ. ಈಚಿನ ಕಾಲದಲ್ಲಂತೂ ಹಾಗೆ ಹೋದವರು ಹೆಚ್ಚಾಗಿ ಕರ್ನಾಟಕದವರೇ. ಸ್ಥಳೀಯರಾದ ರಾಜಭಂಡಾರಿಗಳು ಅವರಿಗೆ ಸಹಾಯಕರಾಗಿ ನಿಲ್ಲುತ್ತಾರೆ. ರಾಜತ್ವ ಅಳಿದು ಗಣರಾಜ್ಯ ಬಂದ 2008ರ ಕೊನೆಯಲ್ಲಿ ಅಲ್ಲಿಯ ಸರಕಾರ ಈ ಭಟ್ಟರ ಸ್ಥಾನದಲ್ಲಿ ನೇಪಾಳಿಗರನ್ನು ನೇಮಿಸಹೊರಟಾಗ, ವಿರೋಧಿಸಿ ಬೀದಿಗಿಳಿದವರಲ್ಲಿ ಆ ಭಂಡಾರಿಗಳೇ ಮುಂದಿದ್ದರು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ಕಡೆಗೆ ಹಳೆಯ ಪದ್ಧತಿಯೇ ಉಳಿಯಿತು. 2009ರ ಸೆಪ್ಟೆಂಬರಿನಲ್ಲಿ ಹೊಸದಾಗಿ ನೇಮಕಗೊಂಡ ಇಬ್ಬರು ಕರ್ನಾಟಕದ ಅರ್ಚಕರ ಮೇಲೆ ಹಲ್ಲೆಯೂ ನಡೆಯಿತು. ಪರದೇಶದಲ್ಲಿ ಗೌರವವೂ ಉಂಟು, ಗಾಯವೂ ಉಂಟು. ಎರಡನ್ನೂ ಸಹಿಸಿ ನಿಂತವರ ಮುಂದೆ ನಮ್ಮ ಚಹದಂಗಡಿಯ ಕಷ್ಟ ಯಾವ ಲೆಕ್ಕದ್ದು? ಅನತಿದೂರದ ಭಕ್ತಪುರದಲ್ಲಿ, ಕಾಶಿಯ ಜಂಗಮವಾಡಿ ಮಠದ ಸಂಬಂಧವುಳ್ಳ ಜಂಗಮ ಮಠವೊಂದು ಇಂದಿಗೂ ಇದೆ. ನಮ್ಮ ಬಸ್ಸಿನ ಪಟ್ಟಿಯಲ್ಲಿ ಅದಿರಲಿಲ್ಲ.

ಆ ಪಟ್ಟಿಯಲ್ಲಿ ಇರದೆ ಇದ್ದ ಇನ್ನೊಂದು ಸ್ಥಳವೇ ನನ್ನನ್ನು ಇಂದಿಗೂ ಕಾಡುತ್ತಿರುವುದು. ಅದು ಸಿಮ್ರೌನ್‌ಗಢ. ತರಾಯಿಯ ಬಾರಾ ಜಿಲ್ಲೆಯಲ್ಲಿ, ಬಿಹಾರದ ಅಂಚಿಗೆ ತಗುಲಿಕೊಂಡೇ ಇರುವ ಈ ಹಾಳುಪಟ್ಟಣವು ಮಿಥಿಲೆಯನ್ನು ಎರಡು ಶತಮಾನಕ್ಕೂ ಮಿಕ್ಕು ಆಳಿದ ಅರಸರ ರಾಜಧಾನಿ. ಆ ಅರಸರ ವಂಶದ ಹೆಸರು ಕರ್ನಾಟ ವಂಶ. ಮೂಲಪುರುಷನಾದ ನಾನ್ಯದೇವನು 1097ರಲ್ಲಿ ರಾಜ್ಯವನ್ನು ಕಟ್ಟಿದನು. ತನ್ನನ್ನು ಕರ್ನಾಟ ಕುಲಕ್ಕೆ ಭೂಷಣನೆಂದು ಕರೆದುಕೊಂಡನು. ಭರತನ ನಾಟ್ಯಶಾಸ್ತ್ರಕ್ಕೆ ಅವನು ಬರೆದ ಭಾಷ್ಯವು ಸಂಗೀತಶಾಸ್ತ್ರಜ್ಞರಲ್ಲಿ ಇಂದಿಗೂ ಪ್ರಮಾಣ. ಕಲ್ಯಾಣದ ಚಾಳುಕ್ಯರ ದಂಡು ಉತ್ತರಕ್ಕೆ ನುಗ್ಗಿದಾಗ ಜೊತೆಗೆ ಹೋಗಿ, ಅಲ್ಲಿಯೇ ನಿಂತ ಸೈನ್ಯಾಧಿಕಾರಿಗಳ ಸಂತತಿ ಇವರೆಂದು ಇತಿಹಾಸಕಾರರ ಅಭಿಪ್ರಾಯ. ಬಂಗಾಲದ ಸೇನರೂ ಹಾಗೆಯೇ ಕರ್ನಾಟ ಕ್ಷತ್ರಿಯರೆಂದು ಹೇಳಿಕೊಂಡವರು. ಆ ಕಾಲಕ್ಕೆ ನಮ್ಮ ಸವದತ್ತಿ, ಅಂದರೆ ಸುಗಂಧವರ್ತಿ, ಚಾಳುಕ್ಯರ ಸಾಮಂತರಾದ ರಟ್ಟರ ರಾಜಧಾನಿ. ಒಡೆಯನ ದಂಡು ಹೊರಟಾಗ ಸಾಮಂತರ ಪಡೆಗಳೂ ಹೊರಡಬೇಕಾಗಿದ್ದ ಆ ದಿನಗಳಲ್ಲಿ, ಮಲಪ್ರಭೆಯ ನೀರು ಕುಡಿದ ಒಬ್ಬಿಬ್ಬರಾದರೂ ಗಂಡಕಿಯವರೆಗೆ ನಡೆದಿರಬೇಕೆಂದು ನನ್ನ ಮನಸ್ಸು ಹೇಳುತ್ತದೆ. ಅವರೇನು ರೊಟ್ಟಿಯ ಗಂಟನ್ನು ಕಟ್ಟಿಕೊಂಡು ಹೋಗಿದ್ದರೋ! ಅದು ಮುಗಿದ ಮೇಲೆ ಅಲ್ಲಿಯ ಅನ್ನವನ್ನು ಉಂಡರು, ಅಲ್ಲಿಯ ಮಾತನ್ನು ಕಲಿತರು; ಈ ವಂಶದ ಕಡೆಯ ಅರಸನಾದ ಹರಿಸಿಂಹದೇವನ ಆಸ್ಥಾನದಲ್ಲಿ ಜ್ಯೋತಿರೀಶ್ವರ ಠಾಕೂರನು ‘ವರ್ಣರತ್ನಾಕರ’ವನ್ನು ರಚಿಸಿದ್ದು ಮೈಥಿಲಿಯಲ್ಲಿ. ಮೈಥಿಲಿಯ ಮೊದಲ ಗದ್ಯಗ್ರಂಥವೆಂದು ಅದಕ್ಕೆ ಹೆಸರು. ಹೋದ ನೆಲದ ನುಡಿಗೆ ಇಷ್ಟು ಸಲ್ಲಿಸಿದ ಕನ್ನಡಿಗರ ಮೇಲೆ ನನಗೆ ಅಪಾರವಾದ ಅಭಿಮಾನ.

ಪರದೇಶದ ಕಷ್ಟವೇನೆಂಬುದು ಆ ಪಟ್ಟಣಕ್ಕೂ ಗೊತ್ತಿತ್ತು. ಹದಿಮೂರನೆಯ ಶತಮಾನದಲ್ಲಿ ಧರ್ಮಸ್ವಾಮಿಯೆಂಬ ಟಿಬೆಟ್ಟಿನ ಭಿಕ್ಷು ಬುದ್ಧಗಯೆಯ ಯಾತ್ರೆಗೆ ಬಂದವನು ಮಿಥಿಲೆಯ ಆ ರಾಜಧಾನಿಯನ್ನು ಹಾದುಹೋದನು. ಅದಕ್ಕೆ ಏಳು ಸುತ್ತಿನ ಗೋಡೆಯಿದ್ದುದನ್ನು ಹೇಳಿದನು. ಮರಳುವಾಗ ಅಲ್ಲಿಯೇ ಕಾಯಿಲೆ ಬಿದ್ದು, ಅಪರಿಚಿತನೊಬ್ಬನ ಶುಶ್ರೂಷೆಯಿಂದ ಬದುಕಿದನು. ಆಳುತ್ತಿದ್ದ ರಾಮಸಿಂಹದೇವನು, ತನ್ನ ಬಳಿಯೇ ನಿಲ್ಲೆಂದು ಅವನನ್ನು ಬೇಡಿದನು. ಮುಂದೆ ನೂರು ವರ್ಷ ತುಂಬುವ ಮೊದಲೇ ಘಿಯಾಸುದ್ದೀನ್ ತುಘಲಕನ ದಾಳಿಗೆ ಕೋಟೆ ಬಿದ್ದು, ಹರಿಸಿಂಹದೇವನು ಉತ್ತರದ ಗುಡ್ಡಗಳಿಗೆ ಓಡಿ, ದಾರಿಯಲ್ಲಿ ತೀನ್‌ಪಾಟನ್ ಎಂಬಲ್ಲಿ ಪ್ರಾಣ ಬಿಟ್ಟನು. ಅವನ ರಾಣಿ ದೇವಲದೇವಿ ಭಕ್ತಪುರದಲ್ಲಿ ಆಶ್ರಯ ಪಡೆದಳು. ಆಶ್ರಯ ಪಡೆದವಳೇ ಆ ಊರಿನ ರಾಜಕಾರಣದ ಸೂತ್ರವನ್ನು ಹಿಡಿದಳು. ಅವಳ ಮೊಮ್ಮಗಳು ರಾಜಲ್ಲದೇವಿಯನ್ನು ಮದುವೆಯಾದ ಜಯಸ್ಥಿತಿಮಲ್ಲನಿಂದ ನೇಪಾಳದ ಕಣಿವೆಯ ಮಲ್ಲ ಅರಸರ ದೊಡ್ಡ ಕಾಲ ಆರಂಭವಾಯಿತು. ನೋಟು ಓಡದ ನಾಡಿನಲ್ಲಿ, ಗಂಡನನ್ನು ಕಳೆದುಕೊಂಡು, ಮಗುವನ್ನು ಕಟ್ಟಿಕೊಂಡು ಬಂದ ಹೆಣ್ಣುಮಗಳು ಮಾಡಿದ ಕೆಲಸವಿದು.

ಅಭಿಮಾನಕ್ಕೂ ಒಂದು ಮಿತಿ ಬೇಕು. ನಾನ್ಯದೇವನ ಹಿರಿಯರು ಹೋದದ್ದು ಬಿಲ್ವಪತ್ರೆಯನ್ನು ಹಿಡಿದಲ್ಲ, ಖಡ್ಗವನ್ನು ಹಿಡಿದು; ದಂಡು ಬಂದ ಊರಿನ ಗತಿ ಏನಾಗುವುದೆಂಬುದನ್ನು ಮನೋಳಿಯವರಾದ ನಾವು ಬಲ್ಲೆವು. 1800ರ ಜುಲೈ ಕೊನೆಯಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಬಂದ ಆರ್ಥರ್ ವೆಲ್ಲೆಸ್ಲಿಯ ದಂಡು ನಮ್ಮೂರಿನ ಎದುರಿನ ದಡದಲ್ಲಿಯೇ ಅವನ ಬಿಡಾರದ ಮೇಲೆ ಬಿದ್ದಾಗ, ತುಂಬಿ ಹರಿಯುತ್ತಿದ್ದ ಮಲಪ್ರಭೆಗೆ ಸಾವಿರಾರು ಜನರು ನೂಕಲ್ಪಟ್ಟರು. ಆ ವೆಲ್ಲೆಸ್ಲಿ ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಆದನು. ನದಿಗೆ ಬಿದ್ದವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಆದುದರಿಂದ ಕರ್ನಾಟರು ಗೆದ್ದರೆಂಬುದು ನನಗೆ ದೊಡ್ಡದಲ್ಲ. ಗೆದ್ದ ಮೇಲೆ ಆ ನೆಲದವರಾದರು ಎಂಬುದು ದೊಡ್ಡದು.

ಮರಳುವ ದಾರಿ ಹೆಟೌಡಾ, ಸಿಮರಾಗಳ ಮೇಲೆ ಹಾಯ್ದು ಬೀರ್‌ಗಂಜಿನಲ್ಲಿ ಗಡಿಯನ್ನು ಸೇರುತ್ತದೆ. ಸಿಮ್ರೌನ್‌ಗಢ ಅಲ್ಲಿಂದ ಪೂರ್ವಕ್ಕೆ ಕೆಲವೇ ಹರದಾರಿ. ಮುಂದಾಳನ್ನು ಕಠ್ಮಂಡುವಿನಿಂದಲೇ ಹಿಡಿದು ಕಾಡಿ, ಬೇಡಿ, ಅಜ್ಜಿಯ ಶಿಫಾರಸನ್ನೂ ತಂದು, ಅರ್ಧ ದಿನವನ್ನು ಕೇಳಿ ಪಡೆದಿದ್ದೆನು. “ಕನ್ನಡದಾವ್ರ ಕೋಟೆ ಐತಿ ಅಂದ್ರ ನೋಡೂಣು ನಡೀರಿ ಸರ್ರ” ಎಂದು ಗೌಡರೂ ಒಪ್ಪಿದ್ದರು. ಆದರೆ ಬೀರ್‌ಗಂಜಿನ ಹೊರಗೆ ಬಸ್ಸನ್ನು ನಿಲ್ಲಿಸಿ ಕಾಗದ ಕೇಳಿದವರು, ಭನ್ಸಾರಿನ ಚೀಟಿಯ ಅವಧಿ ನಿನ್ನೆಗೇ ಮುಗಿದಿದೆ ಎಂದರು. ಚಾಲಕನು ಚೀಟಿಯನ್ನು ತಿರುವಿ ತಿರುವಿ ನೋಡಿದನು. ಅದರ ಮೇಲಿದ್ದ ತಾರೀಖು ವಿಕ್ರಮ ಸಂವತ್ತಿನದು: ಇಸವಿ 2080, ತಿಂಗಳು ಮಂಗ್ಸಿರ. ನಮ್ಮ 2023ರ ನವೆಂಬರಿನೊಡನೆ ಅದನ್ನು ಹೊಂದಿಸುವ ಗೋಜಿಗೆ ಅವನು ಹೋಗಿರಲಿಲ್ಲ. ಅವರ ತಿಂಗಳಿಗೆ ಒಮ್ಮೊಮ್ಮೆ ಮೂವತ್ತೆರಡು ದಿನಗಳೂ ಇರುತ್ತವೆಂಬುದು ಅವನಿಗೆ ತಿಳಿದಿರಲೂ ಇಲ್ಲ. ದಂಡ ಕಟ್ಟಬೇಕು, ಹೊಸ ಚೀಟಿ ಬರೆಯಿಸಬೇಕು, ದಂಡಕ್ಕೆ ನೂರರ ನೋಟುಗಳನ್ನು ಕೂಡಿಸಬೇಕು. ಕಳೆ ತೆಗೆಯುವ ಹೆಣ್ಣುಮಗಳ ಸೆರಗಿನ ಗಂಟು ಮತ್ತೊಮ್ಮೆ ಬಿಚ್ಚಿತು. ಕೆಲಸ ಮುಗಿಯುವಾಗ ಹೊತ್ತು ಮುಳುಗಿತ್ತು. ಮರುದಿನ ಬೆಳಿಗ್ಗೆ ಗಯೆಯಲ್ಲಿ ಪಿಂಡಪ್ರದಾನಕ್ಕೆ ಭಟ್ಟರನ್ನು ಗೊತ್ತುಮಾಡಿದ್ದವರು ಬಸ್ಸಿನಲ್ಲಿ ಅರ್ಧದಷ್ಟಿದ್ದರು. ಬಸ್ಸು ನೇರವಾಗಿ ರಕ್ಸೌಲಿಗೆ ಇಳಿಯಿತು. ಎಡಗಡೆಯ ಕಿಟಕಿಯಿಂದ ನಾನು ನೋಡಿದ ಕತ್ತಲೆಯಲ್ಲಿ ಕೋಟೆಯೂ ಇರಲಿಲ್ಲ, ಗೋಡೆಯೂ ಇರಲಿಲ್ಲ. ಕಬ್ಬಿನ ಹೊಲ, ಇಟ್ಟಿಗೆಯ ಭಟ್ಟಿ, ಅಷ್ಟೇ.

ಕಾಶಿ-ನೇಪಾಳದ ಬಸ್ಸು ಹೊರಡಿಸುವ ನಮ್ಮ ಸೀಮೆಯ ಮಹನೀಯರಲ್ಲಿ ನನ್ನ ಪ್ರಾರ್ಥನೆ ಇಷ್ಟು. ಗಡಿಯನ್ನು ದಾಟಿದೊಡನೆ ಎಲ್ಲರ ಗಡಿಯಾರವನ್ನೂ ಹದಿನೈದು ನಿಮಿಷ ಮುಂದೆ ಮಾಡಿಸಿರಿ. ಯಾವ ನೋಟು ಸಲ್ಲುವುದೆಂಬುದನ್ನು ಊರಿನಲ್ಲಿಯೇ ವಿಚಾರಿಸಿಕೊಂಡು ಹೊರಡಿರಿ. ಚೀಟಿಯ ತಾರೀಖನ್ನು ಅಲ್ಲಿಯವರೊಬ್ಬರಿಂದ ಓದಿಸಿ, ನಮ್ಮ ತಾರೀಖನ್ನು ಅದರ ಪಕ್ಕದಲ್ಲಿ ಬರೆದಿಡಿರಿ. ಭಕ್ತಪುರದ ಜಂಗಮ ಮಠಕ್ಕೆ ಒಂದು ತಾಸು, ಸಿಮ್ರೌನ್‌ಗಢಕ್ಕೆ ಅರ್ಧ ದಿನ ಪಟ್ಟಿಯಲ್ಲಿ ಇರಲಿ. ಬರುವ ಕಾರ್ತಿಕದಲ್ಲಿ ಹಾಗೆ ಹೊರಡುವ ಬಸ್ಸು ಯಾವುದಾದರೂ ಇದ್ದರೆ, ನನ್ನ ಹೆಸರನ್ನು ಈಗಲೇ ಬರೆದುಕೊಳ್ಳಿರಿ.